ಶೆನ್‌ಝೆನ್‌ಗೆ ಮೊದಲ ಸಲ ಹೋಗುವವರು ಎಲ್ಲಿ ಎಡವುತ್ತಾರೆ?

ಕಾವೇರಿತೀರ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಹಾಂಗ್‌ಕಾಂಗ್‌ಗೆ ವಿಮಾನ, ಅಲ್ಲಿಂದ ರೈಲಿನಲ್ಲಿ ಗಡಿಯಾಚೆಯ ಚೀನೀ ನಗರ ಶೆನ್‌ಝೆನ್. ಚೀನಾ ವೀಸಾ ಕೈಗೆ ಬಂದಿದೆ. ಮೈಸೂರಿನಲ್ಲಿ ಎಲ್‌ಇಡಿ ಡ್ರೈವರ್, ಚಾರ್ಜರ್ ರಿಪೇರಿ ಮತ್ತು ಸಣ್ಣ ಮಟ್ಟದ ಜೋಡಣೆ ನಮ್ಮ ಕೆಲಸ. ಹಾಗಾಗಿ ಅಲ್ಲಿಯ ಹುವಾಚ್ಯಾಂಗ್‌ಬೇ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ನೋಡಲೇಬೇಕು. ಆದರೆ ಬರೀ ಮಾರುಕಟ್ಟೆ ನೋಡಿ ವಾಪಸ್ ಬರುವ ಮನಸ್ಸಿಲ್ಲ.

ವಿಡಿಯೊಗಳಲ್ಲಿ ಕಾಣುವುದೆಲ್ಲ ಗಾಜಿನ ಗೋಪುರ, ರಾತ್ರಿಯ ದೀಪ, ಡ್ರೋನ್‌ನಲ್ಲಿ ಬರುವ ಊಟ. ನಲವತ್ತು ವರ್ಷದಲ್ಲಿ ಎದ್ದು ನಿಂತ ಊರು ನಿಜವಾಗಿ ಹೇಗಿದೆ, ಇಳಿದ ಕೂಡಲೇ ಏನು ಎದುರಾಗುತ್ತದೆ, ದುಡ್ಡು ಹೇಗೆ ಕೊಡುವುದು, ಯಾವ ಗಡಿಯಿಂದ ದಾಟುವುದು, ಹಳೆಯ ಊರು ಅಂತ ಏನಾದರೂ ಉಳಿದಿದೆಯೇ? ನಾನು ಸಸ್ಯಾಹಾರಿ, ಅದೂ ಒಂದು ಚಿಂತೆ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಲೆಕ್ಕಪುಸ್ತಕ:

ಮೊದಲು ದುಡ್ಡಿನ ವಿಷಯ ಸಾರ್. ಶೆನ್‌ಝೆನ್ ಬಗ್ಗೆ ಮೊದಲ ದಿನ ಖುಷಿಯಾಗುತ್ತಾ, ಅಳು ಬರುತ್ತಾ ಅನ್ನೋದು ನಿಮ್ಮ ಫೋನಿನಲ್ಲಿ ಪಾವತಿ ಆ್ಯಪ್ ನಡೆಯುತ್ತಾ ಇಲ್ಲವಾ ಅನ್ನೋದರ ಮೇಲೆ ನಿಂತಿದೆ. ಹಣ್ಣಿನ ಗಾಡಿಯಿಂದ ಮೆಟ್ರೊವರೆಗೆ ಎಲ್ಲ ಕಡೆ ಎರಡೇ ಕ್ಯೂಆರ್: ಅಲಿಪೇಯ ನೀಲಿ, ವೀಚಾಟ್‌ನ ಹಸಿರು. ನಮ್ಮ ಯುಪಿಐ ನಡೆಯಲ್ಲ.

ಇಂಗ್ಲಿಷ್ ಪ್ರವಾಸಿ ಬ್ಲಾಗುಗಳಲ್ಲಿ ಒಂದು ಮಾತು ಇರಲ್ಲ, ಯಾಕಂದ್ರೆ ಅದು ಭಾರತೀಯರಿಗೆ ಮಾತ್ರ ಅನ್ವಯಿಸುತ್ತೆ. ವೀಚಾಟ್ 2020ರ ಜೂನ್‌ನಿಂದ, ಅಲಿಪೇ ಅದೇ ವರ್ಷದ ಸೆಪ್ಟೆಂಬರ್‌ನಿಂದ ನಮ್ಮ ದೇಶದಲ್ಲಿ ನಿಷೇಧದ ಪಟ್ಟಿಯಲ್ಲಿವೆ. ಅದಕ್ಕೇ ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಿ. ಬ್ಯಾಂಕಿನ ಭಾಗ ಮೈಸೂರಿನಲ್ಲೇ ಮುಗಿಸಿ, ಆ್ಯಪ್‌ನ ಭಾಗ ಹಾಂಗ್‌ಕಾಂಗ್‌ನಲ್ಲಿ.

ಮೈಸೂರಿನಲ್ಲಿ: ಎರಡು ಬೇರೆ ಬೇರೆ ಬ್ಯಾಂಕಿನ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇಟ್ಟುಕೊಳ್ಳಿ. ರುಪೇ ಒಂದನ್ನೇ ನೆಚ್ಚಿಕೊಳ್ಳಬೇಡಿ. ಬ್ಯಾಂಕ್ ಆ್ಯಪ್‌ನಲ್ಲಿ 'ಅಂತಾರಾಷ್ಟ್ರೀಯ ಬಳಕೆ' ಆನ್ ಮಾಡಿ, ಅದರೊಳಗೆ 'ಆನ್‌ಲೈನ್ ವ್ಯವಹಾರ' ಅನ್ನೋ ಇನ್ನೊಂದು ಗುಂಡಿ ಇರುತ್ತೆ, ಅದನ್ನೂ ಆನ್ ಮಾಡಿ ಮಿತಿ ಏರಿಸಿ. ಬಹಳ ಜನ ಮೊದಲನೆಯದನ್ನು ಮಾತ್ರ ಒತ್ತುತ್ತಾರೆ, ಅಲ್ಲಿ ಹೋಗಿ ಕಾರ್ಡ್ ತಿರಸ್ಕಾರ ಆದಾಗ ಅಲಿಪೇಯನ್ನು ಬೈತಾರೆ. ಒಟಿಪಿ ಬರೋ ಸಿಮ್‌ಗೆ ರೋಮಿಂಗ್ ಹಾಕಿಸಿ. ಆ ಸಿಮ್ ತೆಗೆದು ಸ್ಥಳೀಯ ಸಿಮ್ ಹಾಕಿದರೆ ಕಾರ್ಡ್ ಸೇರಿಸೋ ಹೊತ್ತಿಗೆ ಒಟಿಪಿಯೇ ಬರಲ್ಲ.

ಹಾಂಗ್‌ಕಾಂಗ್‌ನಲ್ಲಿ: ಪ್ಲೇಸ್ಟೋರ್ ಖಾತೆ ಭಾರತದ್ದಾದ್ದರಿಂದ ಅಲ್ಲಿಯೂ ಆ್ಯಪ್ ಕಾಣದೇ ಹೋಗಬಹುದು. ಅಲಿಪೇ ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ, ಬೇರೆಲ್ಲಿಂದಲೂ ಬೇಡ. ಐಫೋನ್ ಆದರೆ ಆ್ಯಪ್ ಸ್ಟೋರ್‌ನ ದೇಶ ಬದಲಿಸಬೇಕಾಗಬಹುದು. +91 ನಂಬರಿನಿಂದ ನೋಂದಣಿ, ಪಾಸ್‌ಪೋರ್ಟ್ ಫೋಟೊ, ಆಮೇಲೆ ಕಾರ್ಡ್. ವೀಚಾಟ್‌ನ ಹೊಸ ಖಾತೆಗೆ ಹಳೆಯ ಬಳಕೆದಾರರೊಬ್ಬರು ಸ್ಕ್ಯಾನ್ ಮಾಡಿ ದೃಢಪಡಿಸಬೇಕು ಅಂತ ಕೇಳೋದುಂಟು. ಅಂಥವರು ಪಕ್ಕದಲ್ಲಿಲ್ಲದಿದ್ದರೆ ಅಲ್ಲೇ ನಿಂತುಬಿಡುತ್ತೆ, ಹಾಗಾಗಿ ಅಲಿಪೇಯನ್ನೇ ಮೊದಲು ಮಾಡಿ.

ಹೆಸರಿನ ವಿಷಯ ಹುಷಾರು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಗಿವನ್ ನೇಮ್‌ನಲ್ಲೇ ಇರುತ್ತೆ. ಕಾರ್ಡಿನ ಮೇಲೆ ನೋಡಿದರೆ ಬರೀ ಇನಿಷಿಯಲ್. ಆ್ಯಪ್‌ನಲ್ಲಾಗಲಿ ರೈಲು ಟಿಕೆಟ್‌ನಲ್ಲಾಗಲಿ ಪಾಸ್‌ಪೋರ್ಟ್ ಪುಟದ ತಳದಲ್ಲಿ ಬಾಣದ ಗುರುತುಗಳ ನಡುವೆ ಹೇಗೆ ಅಚ್ಚಾಗಿದೆಯೋ ಅದೇ ಕ್ರಮದಲ್ಲಿ ಹಾಕಿ. ಅಂದಾಜಿನಲ್ಲಿ ಇನಿಷಿಯಲ್ ಹಾಕಬೇಡಿ.

ಶುಲ್ಕ: ವಿದೇಶಿ ಕಾರ್ಡಿಗೆ ಒಂದು ಪಾವತಿ 200 ಯುವಾನ್‌ವರೆಗೆ ಆ್ಯಪ್‌ನ ಶುಲ್ಕವಿಲ್ಲ. ಅದು ದಾಟಿದರೆ ಪೂರ್ತಿ ಮೊತ್ತಕ್ಕೆ 3%. ನಿಮ್ಮ ಬ್ಯಾಂಕಿನ ವಿನಿಮಯ ಶುಲ್ಕ ಬೇರೆ.

ನಗದೂ ಇರಲಿ. ನಗದು ಬೇಡ ಅನ್ನುವ ಹಕ್ಕು ಅಂಗಡಿಯವರಿಗೆ ಕಾನೂನಿನಲ್ಲಿ ಇಲ್ಲ, ಆದರೆ ಚಿಲ್ಲರೆ ಇರೋದೇ ಇಲ್ಲ. 10 ಮತ್ತು 20ರ ನೋಟುಗಳಲ್ಲಿ ಒಂದು ಸಾವಿರ ಯುವಾನ್ ಇದ್ದರೆ ನೆಮ್ಮದಿ.

ಕೊನೆಯದು ಇಂಟರ್ನೆಟ್. ಹೋಟೆಲ್ ವೈಫೈಯಲ್ಲಿ ಗೂಗಲ್, ವಾಟ್ಸ್ಆ್ಯಪ್, ಯೂಟ್ಯೂಬ್ ಯಾವುದೂ ತೆರೆಯಲ್ಲ. ಭಾರತದ ಸಿಮ್‌ನ ರೋಮಿಂಗ್ ಡೇಟಾದಲ್ಲಿ ತೆರೆಯುತ್ತೆ, ಯಾಕಂದ್ರೆ ಆ ಡೇಟಾ ನಮ್ಮ ಜಾಲದ ಮೂಲಕವೇ ಹೊರಗೆ ಹೋಗೋದು. ಚೀನಾ ಮುಖ್ಯಭೂಮಿಯ ಡೇಟಾ ಸೇರಿರೋ ಹಾಂಗ್‌ಕಾಂಗ್ ಸಿಮ್ ಕೂಡ ಹಾಗೇ. ಆದರೆ ಗೂಗಲ್ ಮ್ಯಾಪ್ ತೆರೆದರೂ ನಂಬಬೇಡಿ. ಚೀನಾದ ನಕ್ಷೆಗಳು ಬೇರೆಯೇ ನಿರ್ದೇಶಾಂಕ ಪದ್ಧತಿಯಲ್ಲಿವೆ, ನಿಮ್ಮ ಚುಕ್ಕೆ ನೂರಾರು ಮೀಟರ್ ಆಚೆ ಕಾಣುತ್ತೆ. ಐಫೋನಿನ ಆ್ಯಪಲ್ ಮ್ಯಾಪ್ಸ್ ಅಥವಾ ಅಲ್ಲಿಯವರದ್ದೇ ಆದ ಅಮ್ಯಾಪ್ ಬಳಸಿ.

ಗಡಿದಾಟು:

ಗಡಿಯ ಬಗ್ಗೆ ಹೇಳ್ತೀನಿ.

ಹಾಂಗ್‌ಕಾಂಗ್ ಪ್ರವೇಶಕ್ಕೆ ಭಾರತೀಯರು ಮುಂಚಿತ ನೋಂದಣಿ ಮಾಡಿಸಲೇಬೇಕು. ಆನ್‌ಲೈನ್, ಉಚಿತ, 14 ದಿನದವರೆಗಿನ ಭೇಟಿಗೆ. ಅದರ ಚೀಟಿ ಮುದ್ರಿಸಿ ಪಾಸ್‌ಪೋರ್ಟ್ ಜೊತೆ ಇಡಿ, ಬೆಂಗಳೂರಿನ ಚೆಕ್‌ಇನ್ ಕೌಂಟರ್‌ನಲ್ಲೇ ಕೇಳ್ತಾರೆ. ವೀಸಾದಲ್ಲಿ ಎಷ್ಟು ಪ್ರವೇಶ ಅಂತ ನೋಡಿಕೊಳ್ಳಿ. ಶೆನ್‌ಝೆನ್‌ನಲ್ಲಿದ್ದವರು 'ಒಂದು ಸಂಜೆ ಹಾಂಗ್‌ಕಾಂಗ್ ನೋಡಿ ಬರೋಣ' ಅಂತ ಗಡಿ ದಾಟಿದರೆ ಒಂದು ಪ್ರವೇಶದ ವೀಸಾ ಅಲ್ಲಿಗೆ ಮುಗೀತು. ಸಾಮಾನು ಹೋಟೆಲ್‌ನಲ್ಲಿ, ಆಸಾಮಿ ಗಡಿಯ ಆಚೆ.

ಮೊದಲ ಸಲಕ್ಕೆ ವೆಸ್ಟ್ ಕೌಲೂನ್ ನಿಲ್ದಾಣವೇ ಸುಲಭ. ಎರಡೂ ಕಡೆಯ ವಲಸೆ ತಪಾಸಣೆ ಆ ಕಟ್ಟಡದೊಳಗೇ ಮುಗಿಯುತ್ತೆ, ಅಲ್ಲಿಂದ ಫುಟಿಯಾನ್‌ಗೆ ಹೈಸ್ಪೀಡ್ ರೈಲಿನಲ್ಲಿ ಕಾಲು ಗಂಟೆ, ಇಳಿದರೆ ಶೆನ್‌ಝೆನ್‌ನ ನಡುಮಧ್ಯೆ. ಟಿಕೆಟ್ ರೈಲ್ವೆಯ 12306 ಆ್ಯಪ್‌ನಲ್ಲಿ ಸಿಗುತ್ತೆ, ಪಾಸ್‌ಪೋರ್ಟೇ ಟಿಕೆಟ್. ಸ್ವಯಂಚಾಲಿತ ಗೇಟ್ ಅದನ್ನು ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ನಿಂತಿರೋ ದಾರಿಗೆ ಹೋಗಿ. ತಪಾಸಣೆಗೆ ಒಂದು ಗಂಟೆ ಇಟ್ಟುಕೊಳ್ಳಿ.

ಮೆಟ್ರೊದಲ್ಲೇ ಅಗ್ಗವಾಗಿ ಹೋಗಬೇಕಂದ್ರೆ ಈಸ್ಟ್ ರೈಲ್ ಮಾರ್ಗ ಹಿಡಿದು ಲೋ ವೂ ಅಥವಾ ಲೋಕ್ ಮಾ ಚೌ ಗಡಿ ನಿಲ್ದಾಣ. ಲೋ ವೂ, ಅಂದ್ರೆ ಆಚೆ ಕಡೆಯ ಲುವೊಹು, ಬೆಳಗ್ಗೆ 6.30ರಿಂದ ಮಧ್ಯರಾತ್ರಿವರೆಗೆ. ಲೋಕ್ ಮಾ ಚೌ ರಾತ್ರಿ 10.30ಕ್ಕೇ ಮುಚ್ಚುತ್ತೆ. ಹುವಾಂಗ್‌ಗಾಂಗ್ ಮಾತ್ರ ಇಡೀ ದಿನ ತೆರೆದಿರುತ್ತೆ, ಆದರೆ ಬಸ್ಸಿನಲ್ಲಿ ಹೋಗಬೇಕು. ಹಾಂಗ್‌ಕಾಂಗ್‌ನವರು ವಾರಾಂತ್ಯದ ಊಟ, ಖರೀದಿಗೆ ಗುಂಪುಗುಂಪಾಗಿ ಶೆನ್‌ಝೆನ್‌ಗೆ ಬರ್ತಾರೆ. ಶುಕ್ರವಾರ ಸಂಜೆ, ಶನಿವಾರ ಬೆಳಗ್ಗೆ ಆ ಕಡೆಗೆ, ಭಾನುವಾರ ರಾತ್ರಿ ಈ ಕಡೆಗೆ ದಾಟೋದು ಬೇಡ. ಅಕ್ಟೋಬರ್ ಮೊದಲ ವಾರವಂತೂ ಬೇಡವೇ ಬೇಡ.

ಇನ್ನು ರಸ್ತೆ. ಹಾಂಗ್‌ಕಾಂಗ್‌ನಲ್ಲಿ ನಮ್ಮ ಹಾಗೇ ಎಡಕ್ಕೆ ಓಡಿಸ್ತಾರೆ, ಶೆನ್‌ಝೆನ್‌ನಲ್ಲಿ ಬಲಕ್ಕೆ. ದಾಟುವಾಗ ಮೊದಲು ಎಡಕ್ಕೆ ನೋಡಿ. ಬಲಕ್ಕೆ ತಿರುಗೋ ವಾಹನಗಳು ನಿಮಗೆ ಹಸಿರು ಇದ್ದಾಗಲೂ ಬರ್ತವೆ. ಅದಕ್ಕಿಂತ ಅಪಾಯ ಊಟ ಹಂಚುವವರ ಬ್ಯಾಟರಿ ಸ್ಕೂಟರ್‌ಗಳದ್ದು. ಫುಟ್‌ಪಾತ್ ಮೇಲೇ ಹಿಂದಿನಿಂದ ಬರ್ತವೆ, ಸದ್ದೇ ಇಲ್ಲ. ಫೋನ್ ನೋಡ್ತಾ ಪಕ್ಕಕ್ಕೆ ಸರಿಯೋ ಅಭ್ಯಾಸ ಬಿಡಿ.

ಮೆಟ್ರೊ ಕನಿಷ್ಠ ದರ 2 ಯುವಾನ್. ಪ್ರತಿ ನಿಲ್ದಾಣದಲ್ಲೂ ಬ್ಯಾಗ್ ಎಕ್ಸ್‌ರೇ ಇದೆ, ಚಾಕು, ಸ್ಪ್ರೇ ಡಬ್ಬಿ ಬೇಡ. ಯಾವ ಗೇಟಿನಿಂದ ಹೊರಬರಬೇಕು ಅನ್ನೋದನ್ನು ನಕ್ಷೆಯಲ್ಲಿ ಮೊದಲೇ ನೋಡಿ. ದೊಡ್ಡ ನಿಲ್ದಾಣದಲ್ಲಿ ತಪ್ಪು ಗೇಟ್ ಹಿಡಿದರೆ ಎಂಟು ಪಥದ ರಸ್ತೆಯ ಆಚೆ ಬದಿಗೆ ಬಂದಿರ್ತೀರಿ. ಅಲಿಪೇಯೊಳಗೇ ದೀದೀ ಟ್ಯಾಕ್ಸಿ ಸಿಗುತ್ತೆ. ಹತ್ತಿದ ಕೂಡಲೇ ಚಾಲಕ ನಿಮ್ಮ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳ್ತಾನೆ, ಪರದೆಯಲ್ಲಿ ತೋರಿಸಿದರೆ ಸಾಕು.

ಕಾವೇರಿತೀರ:

ಲೆಕ್ಕಪುಸ್ತಕ, ಗಡಿದಾಟು ಇಬ್ಬರಿಗೂ ತುಂಬಾ ಧನ್ಯವಾದ. ಅಲಿಪೇ ನಿಷೇಧದ ವಿಷಯ ಗೊತ್ತೇ ಇರಲಿಲ್ಲ. ಪರಿಚಯದವರ ಫ್ಲ್ಯಾಟ್‌ನಲ್ಲಿ ಕೆಲವು ರಾತ್ರಿ ಉಳಿಯುವ ಯೋಚನೆಯೂ ಇದೆ, ತೊಂದರೆ ಉಂಟೇ?

ಗಡಿದಾಟು:

ತೊಂದರೆ ಇಲ್ಲ, ಆದರೆ ತಲುಪಿದ 24 ಗಂಟೆಯೊಳಗೆ ಪೊಲೀಸ್ ನೋಂದಣಿ ಆಗಬೇಕು. ಹೋಟೆಲ್ ಆದರೆ ಅವರೇ ಮಾಡ್ತಾರೆ, ಮನೆಯಾದರೆ ನೀವು ಮತ್ತು ಮನೆಯವರು ಮಾಡಬೇಕು. ಆ ದಾಖಲೆಯ ಫೋಟೊ ಇಟ್ಟುಕೊಳ್ಳಿ.

ಊರುಕೇರಿ:

ಹಳೆಯ ಊರು ಉಳಿದಿದೆಯೇ ಎಂದು ಕೇಳಿದ್ದೀರಿ. ಉಳಿದಿದೆ, ಮತ್ತು ಶೆನ್‌ಝೆನ್ ಅರ್ಥವಾಗುವುದೇ ಅಲ್ಲಿ. ಗೋಪುರಗಳನ್ನು ಮಾತ್ರ ನೋಡಿದವರು 'ಮೀನುಗಾರರ ಹಳ್ಳಿ ರಾತ್ರೋರಾತ್ರಿ ಮಹಾನಗರವಾಯಿತು' ಎನ್ನುವ ಸಿದ್ಧ ಮಾತನ್ನೇ ಹೊತ್ತು ಬರುತ್ತಾರೆ. ಆ ಮಾತು ಸರಿಯಲ್ಲ. 1979ರಲ್ಲಿ ಶೆನ್‌ಝೆನ್ ನಗರವೆಂದು ಘೋಷಣೆಯಾದಾಗ ಅದು ಬಾವೊಆನ್ ಎಂಬ ಇಡೀ ಕೌಂಟಿ. ಮೂರು ಲಕ್ಷಕ್ಕೂ ಹೆಚ್ಚು ಜನ, ನೂರಾರು ಹಳ್ಳಿಗಳು, ಸಂತೆಪಟ್ಟಣಗಳು, 1911ರಿಂದಲೇ ರೈಲು. ಪೂರ್ವದ ಕಡಲ ಬದಿಯ ದಾಪೆಂಗ್ ಕೋಟೆ 1394ರದ್ದು. 1980ರ ಆಗಸ್ಟ್‌ನಲ್ಲಿ ವಿಶೇಷ ಆರ್ಥಿಕ ವಲಯವಾಯಿತು. 2020ರ ಜನಗಣತಿಯಲ್ಲಿ 1.75 ಕೋಟಿ ಜನ. ಬೆಳವಣಿಗೆಯ ವೇಗ ನಿಜವೇ, ಆದರೆ ಬರಿಯ ಬಯಲಿನಲ್ಲಿ ನಡೆದದ್ದಲ್ಲ.

ಸರ್ಕಾರ ಹೊಲಗದ್ದೆಗಳನ್ನು ತೆಗೆದುಕೊಂಡಿತು, ಹಳ್ಳಿಗರ ಮನೆಯ ನಿವೇಶನಗಳನ್ನು ಬಿಟ್ಟಿತು. ಸುತ್ತ ಕಾರ್ಖಾನೆಗಳು ಬಂದವು, ಹೊರ ಪ್ರಾಂತ್ಯಗಳಿಂದ ಲಕ್ಷಾಂತರ ಕಾರ್ಮಿಕರು ಬಂದರು, ಅವರಿಗೆ ಸರ್ಕಾರಿ ವಸತಿ ಇರಲಿಲ್ಲ. ಹಳ್ಳಿಗರು ತಮ್ಮ ನಿವೇಶನದಲ್ಲೇ ಆರೆಂಟು ಅಂತಸ್ತು ಎತ್ತಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು. ಇವೇ ನಗರದೊಳಗಿನ ಹಳ್ಳಿಗಳು. ಎದುರುಬದುರು ಕಿಟಕಿಯಿಂದ ಕೈ ಕುಲುಕಬಹುದಾದಷ್ಟು ಹತ್ತಿರವಿರುವುದರಿಂದ ಅಲ್ಲಿಯವರು ಇವಕ್ಕೆ 'ಕೈಕುಲುಕು ಕಟ್ಟಡ' ಎನ್ನುತ್ತಾರೆ. ಓಣಿಗೆ ನಡುಹಗಲಲ್ಲೂ ಬಿಸಿಲು ಬೀಳುವುದಿಲ್ಲ. ತಲೆಯ ಮೇಲೆ ಕೇಬಲ್ಲಿನ ಕಂತೆಗಳು, ಕಿಟಕಿಗಳಿಗೆ ಕಬ್ಬಿಣದ ಸರಳು, ಸರಳಿಗೆ ನೇತುಹಾಕಿದ ಬಟ್ಟೆ, ಏರ್‌ಕಂಡಿಷನರ್‌ಗಳಿಂದ ತೊಟ್ಟಿಕ್ಕುವ ನೀರು. ನೆಲ ಅಂತಸ್ತಿನಲ್ಲಿ ಹುನಾನ್ ಪ್ರಾಂತ್ಯದ ಊಟದ ಅಂಗಡಿ, ಕೊರಿಯರ್ ಪೊಟ್ಟಣಗಳ ರಾಶಿ, ಬೀಗ ರಿಪೇರಿ, ಕ್ಷೌರ. ಊರಿಗೆ ಹೊಸದಾಗಿ ಬಂದವರ ಮೊದಲ ಕೋಣೆ ಇಂಥದ್ದೇ ಆಗಿರುತ್ತಿತ್ತು. ಈ ಓಣಿಗಳ ಅಗ್ಗದ ಬಾಡಿಗೆ ಇಲ್ಲದಿದ್ದರೆ ಆ ಗಾಜಿನ ಗೋಪುರಗಳನ್ನು ಕಟ್ಟಿದ ಕೈಗಳು ಇಲ್ಲಿ ಬಾಳುವೆ ಮಾಡಲು ಸಾಧ್ಯವೇ ಇರಲಿಲ್ಲ. ಅದಕ್ಕೇ ಇವನ್ನು ಕೊಳೆಗೇರಿ ಎಂದು ಕರೆದು ಮುಂದೆ ಹೋಗುವವರನ್ನು ಕಂಡರೆ ಬೇಸರವಾಗುತ್ತದೆ.

ಇವು ಬೇಗ ಬೇಗ ಕಣ್ಮರೆಯಾಗುತ್ತಿವೆ. ದೊಡ್ಡ ಹಳ್ಳಿಗಳಲ್ಲೊಂದಾಗಿದ್ದ ಬಾಯ್‌ಶಿಝೌನಲ್ಲಿ ಬಾಡಿಗೆದಾರರನ್ನು 2019ರಲ್ಲಿ ದೊಡ್ಡ ಪ್ರಮಾಣದಲ್ಲಿ ತೆರವು ಮಾಡಿಸಿದರು. ಫುಟಿಯಾನ್‌ನ ಶುಯ್‌ವೇಯಲ್ಲಿ ಕೆಡವದೆ 29 ಕಟ್ಟಡಗಳನ್ನು ಒಳಗಿನಿಂದ ದುರಸ್ತಿ ಮಾಡಿ 504 ಬಾಡಿಗೆ ಮನೆಗಳನ್ನಾಗಿಸಿದ್ದಾರೆ. ಎರಡು ದಾರಿಗಳಲ್ಲಿ ಈ ಎರಡನೆಯದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನ್‌ಶಾನ್‌ನ ನಾನ್‌ಟೌ ಮಿಂಗ್ ರಾಜವಂಶದ ಕಾಲದ ಕೋಟೆಯೂರು. ಮುಖ್ಯ ಬೀದಿ ಈಗ ಕಾಫಿ ಅಂಗಡಿಗಳಿಂದ ತುಂಬಿದೆ, ಅಡ್ಡ ಓಣಿಗಳಲ್ಲಿ ಬಾಡಿಗೆ ಕೋಣೆಗಳು ಇನ್ನೂ ಇವೆ. ತೈಲಚಿತ್ರಗಳ ನಕಲು ಮಾಡಿ ಜಗತ್ತಿಗೆಲ್ಲ ಕಳಿಸುತ್ತಿದ್ದ ದಾಫೆನ್‌ಗೆ ಮೆಟ್ರೊ 3ನೇ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ.

ಗೋಪುರಗಳ ಪೈಕಿ 599 ಮೀಟರಿನ ಪಿಂಗ್ ಆನ್ ಏರಲೇಬೇಕೆಂದಿಲ್ಲ. ಮಳೆಗಾಲದಲ್ಲಿ ಮೇಲೆ ಹೋದರೆ ಮೋಡವೇ ಕಾಣುವುದು. ಲಿಯೆನ್‌ಹುವಾಶಾನ್ ಗುಡ್ಡಕ್ಕೆ ಪ್ರವೇಶ ಶುಲ್ಕವಿಲ್ಲ, ಕಾಲು ಗಂಟೆಯ ಏರು, ತುದಿಯಲ್ಲಿ ಚೀನಾದ ಆರ್ಥಿಕ ಸುಧಾರಣೆಯ ನಾಯಕ ಡೆಂಗ್ ಶಿಯಾವೊಪಿಂಗ್ ಪ್ರತಿಮೆ, ಕೆಳಗೆ ಇಡೀ ಫುಟಿಯಾನ್. ಲುವೊಹುದ ಗುವೊಮಾವೊ ಕಟ್ಟಡವನ್ನೂ ನೋಡಿ. 53 ಅಂತಸ್ತು, 160 ಮೀಟರ್, 1985ರದ್ದು. ಮೂರು ದಿನಕ್ಕೊಂದು ಅಂತಸ್ತು ಎತ್ತಿದ್ದರಿಂದ 'ಶೆನ್‌ಝೆನ್ ವೇಗ' ಎಂಬ ಮಾತು ಹುಟ್ಟಿದ್ದು ಇಲ್ಲೇ. ಇವತ್ತು ಸುತ್ತಲಿನ ಕಟ್ಟಡಗಳ ನಡುವೆ ಅದು ಕುಳ್ಳ.

ಇಳಿದ ಕೂಡಲೇ ಗಮನಕ್ಕೆ ಬರುವುದು ರಸ್ತೆಯ ನಿಶ್ಶಬ್ದ. ಹದಿನಾರು ಸಾವಿರಕ್ಕೂ ಹೆಚ್ಚು ಬಸ್ಸುಗಳು 2017ರ ಕೊನೆಗೇ ಪೂರ್ತಿ ವಿದ್ಯುತ್ತಿಗೆ ಬದಲಾದವು, ಟ್ಯಾಕ್ಸಿಗಳು ಅದರ ಬೆನ್ನಿಗೆ. ಹಸಿರು ನಂಬರ್‌ಪ್ಲೇಟ್ ಎಂದರೆ ವಿದ್ಯುತ್ ಅಥವಾ ಪ್ಲಗ್‌ಇನ್ ಹೈಬ್ರಿಡ್, ನೀಲಿ ಎಂದರೆ ಪೆಟ್ರೋಲ್. ಬಸ್ ತಯಾರಿಸುವ ಬಿವೈಡಿ ಅದೇ ಊರಿನದು, ಬಸ್ಸಿನ ಬೆಲೆಯ ದೊಡ್ಡ ಪಾಲು ಸಹಾಯಧನದಿಂದ ಬಂತು, ಬಸ್ಸುಗಳು ರಾತ್ರಿ ಡಿಪೊದಲ್ಲಿ ನಿಂತಾಗ ಚಾರ್ಜ್ ಆಗುತ್ತವೆ. ಈ ಮೂರೂ ಒಟ್ಟಿಗೆ ಒದಗಿದ್ದರಿಂದ ಆದ ಕೆಲಸ. ನಿಮ್ಮ ಮೈಸೂರಿಗೆ ಓಡುವ ಕೆಎಸ್‌ಆರ್‌ಟಿಸಿಯ 'ಇವಿ ಪವರ್ ಪ್ಲಸ್' ಬಸ್ಸುಗಳನ್ನು ಮಾಡಿದ ಒಲೆಕ್ಟ್ರಾ ಕೂಡ ಬಿವೈಡಿಯ ತಾಂತ್ರಿಕ ಸಹಯೋಗದಿಂದಲೇ ವಿದ್ಯುತ್ ಬಸ್ ತಯಾರಿಕೆ ಶುರುಮಾಡಿದ ಕಂಪನಿ.

ಒಗ್ಗರಣೆ:

ಊಟದ ಬಗ್ಗೆ ಯಾರೂ ಹೇಳಿಲ್ಲವಲ್ಲ. 'ಮಾಂಸ ಬೇಡ' ಅಂದರೆ ಅಲ್ಲಿ ಮಾಂಸದ ತುಂಡು ಬೇಡ ಅಂತ ಮಾತ್ರ ತಿಳ್ಕೋತಾರೆ. ಹಸಿರು ಸೊಪ್ಪಿನ ಪಲ್ಯಕ್ಕೆ ಸಿಂಪಿಯ ಸಾಸ್, ಆಲೂಗೆಡ್ಡೆಗೆ ಹಂದಿ ಕೊಬ್ಬು, ತೋಫುವಿಗೆ ಕೊಚ್ಚಿದ ಮಾಂಸ, ಸಾರಿಗೆ ಕೋಳಿಪುಡಿ ಬಿದ್ದಿರುತ್ತೆ. ಅದಕ್ಕೆ ಈ ನಾಲ್ಕನ್ನೂ ಹೆಸರಿಸಿ 'ಇವು ಯಾವುವೂ ಬೇಡ, ಮೀನು ಮೊಟ್ಟೆಯೂ ಬೇಡ' ಅಂತ ಚೀನೀ ಅಕ್ಷರದಲ್ಲಿ ಬರೆಸಿ ಫೋಟೊ ಮಾಡಿಟ್ಟುಕೊಳ್ಳಿ. ಆರ್ಡರ್ ಕೊಡೋ ಮುಂಚೆ ತೋರಿಸಿ, ಕೊಟ್ಟ ಮೇಲಲ್ಲ. ಕ್ಯೂಆರ್‌ನಲ್ಲಿ ಆರ್ಡರ್ ಮಾಡೋ ಕಡೆ ಅಡುಗೆಮನೆಗೆ ನಿಮ್ಮ ಮಾತು ತಲುಪೋದೇ ಇಲ್ಲ, ಒಬ್ಬರನ್ನು ಕರೆದು ಹೇಳಿ.

ಕೇಳಬಹುದಾದವು: ಜಜ್ಜಿದ ಸೌತೆಕಾಯಿ ಬೆಳ್ಳುಳ್ಳಿ, ಬದನೆ-ಆಲೂ-ದೊಣ್ಣೆಮೆಣಸಿನಕಾಯಿಯ 'ದೀ ಸಾನ್ ಶಿಯೆನ್', ಒಳಗೆ ಹೂರಣವಿಲ್ಲದ ಮಾಂತೌ ಬನ್ನು. ಖಾರ ಬೇಕಂದ್ರೆ ಹುನಾನ್ ಹೋಟೆಲ್. ಪೂರ್ತಿ ನಿಶ್ಚಿಂತೆ ಬೇಕಂದ್ರೆ ಬೌದ್ಧ ಸಸ್ಯಾಹಾರಿ ಹೋಟೆಲ್‌ಗಳು, ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರಲ್ಲ. ಶಿಯೆನ್‌ಹು ಸಸ್ಯೋದ್ಯಾನದೊಳಗಿನ ಹೊಂಗ್‌ಫಾ ದೇವಾಲಯದಲ್ಲೂ ಸಸ್ಯಾಹಾರದ ಊಟ ಇದೆ, ಮಧ್ಯಾಹ್ನಕ್ಕೇ ಹೋಗಿ. ನಲ್ಲಿ ನೀರು ಕುಡಿಯಬೇಡಿ, ಬಿಸಿನೀರು ಎಲ್ಲ ಕಡೆ ಸಿಗುತ್ತೆ. ಹುಣಿಸೆ ಗೊಜ್ಜು, ಅವಲಕ್ಕಿ ಬ್ಯಾಗಿನಲ್ಲಿರಲಿ.

ಬೆಸುಗೆ:

ಹುವಾಚ್ಯಾಂಗ್‌ಬೇ ನನ್ನ ಪಾಲಿಗೆ ಬಿಡಿ. ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಹತ್ತು ಹತ್ತು ಅಂತಸ್ತಿನ ಕಟ್ಟಡಗಳಲ್ಲಿ ಮೇಲಕ್ಕೆ ಪೇರಿಸಿದ ಹಾಗೆ ಅಂದುಕೊಳ್ಳಿ. 1980ರ ದಶಕದಲ್ಲಿ ಇದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಪ್ರದೇಶ, ಅವುಗಳಿಗೆ ಬಿಡಿಭಾಗ ಒದಗಿಸಲು 1988ರಲ್ಲಿ ಸೆಗ್ ಮಾರುಕಟ್ಟೆ ಶುರುವಾಯಿತು. ನಿಮ್ಮ ಕೆಲಸಕ್ಕೆ ಸೆಗ್ ಮತ್ತು ಹುವಾಚ್ಯಾಂಗ್ ಎಲೆಕ್ಟ್ರಾನಿಕ್ಸ್ ವರ್ಲ್ಡ್ ಎರಡೇ ಸಾಕು. ಫೋನಿನ ಕೆಲವು ಕಟ್ಟಡಗಳಲ್ಲಿ ಈಗ ಸೌಂದರ್ಯವರ್ಧಕಗಳ ಅಂಗಡಿಗಳೇ ಹೆಚ್ಚು. ಬೆಳಗ್ಗೆ 10ಕ್ಕೆ ಹೋಗಿ, ಸಂಜೆ 6ರ ಹೊತ್ತಿಗೆ ಬಾಗಿಲು ಎಳೆಯಲು ಶುರುಮಾಡ್ತಾರೆ. ಚೀನೀ ಹೊಸವರ್ಷದ ಆಸುಪಾಸಿನಲ್ಲಿ ಎಲ್ಲರೂ ಊರಿಗೆ ಹೋಗಿರ್ತಾರೆ, ಬೀಗ ನೋಡಿ ಬರಬೇಕು.

ಕೌಂಟರ್ ಅಂದರೆ ಒಂದೂವರೆ ಮೀಟರಿನ ಗಾಜಿನ ಪೆಟ್ಟಿಗೆ. ಅಲ್ಲಿರೋದು ಮಾದರಿ ಮಾತ್ರ, ಸರಕು ಗೋದಾಮಿನಿಂದ ಬರುತ್ತೆ. ಒಂದು ರೀಲ್ ತಗೊಂಡರೆ ಒಂದು ದರ, ಹತ್ತು ಪೀಸ್‌ಗೆ ಬೇರೆಯೇ ದರ. ಪಾರ್ಟ್ ನಂಬರ್ ಪೂರ್ತಿ ಬರೆದು ತೋರಿಸಿ, ಕೊನೆಯ ಎರಡು ಅಕ್ಷರ ಬಿಟ್ಟರೆ ಪ್ಯಾಕೇಜೇ ಬೇರೆ ಬರುತ್ತೆ.

ಐಸಿ, ಮಾಸ್‌ಫೆಟ್ ತಗೊಳ್ಳುವಾಗ ಹಳೆ ಬೋರ್ಡಿನಿಂದ ಬಿಚ್ಚಿ ಹೊಸದರಂತೆ ಮಾಡಿದ್ದು ಕೈಗೆ ಬರೋ ಅಪಾಯ ಇದೆ. ಮೇಲ್ಮೈ ಉಜ್ಜಿ, ಕಪ್ಪು ಬಳಿದು, ಹೊಸ ನಂಬರ್ ಅಚ್ಚು ಹಾಕಿರ್ತಾರೆ. ಹತ್ತಿಗೆ ಅಸಿಟೋನ್ ಹಾಕಿ ಮೇಲ್ಮೈ ಒರೆಸಿ, ಹತ್ತಿ ಕಪ್ಪಾದರೆ ಬಿಡಿ. 1ನೇ ಪಿನ್ ಪಕ್ಕದ ಗುಳಿ ಅರ್ಧ ತುಂಬಿಕೊಂಡಿದ್ದರೆ, ಮೇಲ್ಭಾಗದ ಒರಟುತನ ಪಕ್ಕದ ಅಂಚಿಗಿಂತ ಬೇರೆ ಇದ್ದರೆ, ಕಾಲುಗಳಿಗೆ ಹೊಸ ತವರದ ಹೊಳಪು ಇದ್ದರೆ ಅನುಮಾನಪಡಿ. ಒಂದೇ ಟ್ಯೂಬಿನಲ್ಲಿ ಎರಡು ಮೂರು ಡೇಟ್‌ಕೋಡ್ (ತಯಾರಾದ ಕಾಲ ಹೇಳೋ ಸಂಖ್ಯೆ) ಇದ್ದರೂ ಹಾಗೇ. ಕೆಪಾಸಿಟರ್‌ಗೆ ಅದರ ಒಳರೋಧ ಅಳೆಯೋ ಇಎಸ್‌ಆರ್ ಮೀಟರ್ ಜೇಬಿನಲ್ಲಿರಲಿ, ಕೌಂಟರಿನಲ್ಲೇ ಅಳೆಯೋಕೆ ಯಾರೂ ಬೇಸರ ಮಾಡ್ಕೊಳ್ಳಲ್ಲ.

ಈಗ ಕಸ್ಟಮ್ಸ್. ಎಲ್‌ಇಡಿ ಡ್ರೈವರ್, ಅಡಾಪ್ಟರ್, ಪವರ್‌ಬ್ಯಾಂಕ್, ಲಿಥಿಯಂ ಸೆಲ್ ಇವೆಲ್ಲ ನಮ್ಮಲ್ಲಿ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಕಡ್ಡಾಯ ನೋಂದಣಿಯಲ್ಲಿವೆ. ನೋಂದಣಿ ಇಲ್ಲದ ಸಿದ್ಧ ಮಾಲನ್ನು ವ್ಯಾಪಾರಕ್ಕೆ ತಂದರೆ ಬಿಡುಗಡೆ ಆಗಲ್ಲ. ರೆಸಿಸ್ಟರ್, ಕೆಪಾಸಿಟರ್, ಐಸಿಯಂಥ ಬಿಡಿಭಾಗಗಳಿಗೆ ಆ ತೊಡಕಿಲ್ಲ, ಆದರೆ ವ್ಯಾಪಾರದ ಪ್ರಮಾಣವಾದರೆ ಆಮದು-ರಫ್ತು ಸಂಕೇತ ಸಂಖ್ಯೆ (ಐಇಸಿ) ಇಟ್ಟುಕೊಂಡು ಸರಕಾಗಿ ಕಳಿಸಿ. ಸೂಟ್‌ಕೇಸಿನಲ್ಲಿ ರೀಲ್ ತುಂಬಿಕೊಂಡು ಬರಬೇಡಿ. ಬಿಡಿ ಲಿಥಿಯಂ ಸೆಲ್ ಚೆಕ್‌ಇನ್ ಬ್ಯಾಗಿಗೆ ಹಾಕುವಂತೆಯೇ ಇಲ್ಲ.

ಡಿಜೆಐ ಡ್ರೋನ್ ಆ ಊರಿನದ್ದೇ, ಅಗ್ಗ ಅಂತ ಆಸೆ ಹುಟ್ಟುತ್ತೆ. ಸಿದ್ಧ ಡ್ರೋನ್ ಆಮದು 2022ರ ಫೆಬ್ರುವರಿ 9ರಿಂದ ಭಾರತದಲ್ಲಿ ನಿಷಿದ್ಧ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಂಡರೆ ವಾದಕ್ಕೆ ಜಾಗವಿಲ್ಲ. ಇನ್ನೊಂದು, ಚೀನಾದೊಳಗೆ ವಿಮಾನ ಹತ್ತುವುದಿದ್ದರೆ 3ಸಿ (ಚೀನಾದ ಸುರಕ್ಷತಾ ಪ್ರಮಾಣ) ಗುರುತಿಲ್ಲದ ಪವರ್‌ಬ್ಯಾಂಕನ್ನು 2025ರ ಜೂನ್ 28ರಿಂದ ಒಳಗೆ ಬಿಡಲ್ಲ, ನಮ್ಮಲ್ಲಿ ಕೊಂಡವಕ್ಕೆ ಆ ಗುರುತು ಸಾಮಾನ್ಯವಾಗಿ ಇರಲ್ಲ. ರೈಲಿನಲ್ಲೇ ಓಡಾಡೋದಾದರೆ ಆ ಚಿಂತೆ ಬೇಡ. ಊರೊಳಗೆ ಅಂಗಡಿ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿ ಬಾಡಿಗೆಗೆ ತಗೊಳ್ಳೋ ಪವರ್‌ಬ್ಯಾಂಕ್ ಪೆಟ್ಟಿಗೆ ಇರ್ತವೆ.

ಕೊಂಡ ಮೇಲೆ ಅಂಗಡಿಯವರ ಕಾರ್ಡು, ಅಂತಸ್ತು, ಕೌಂಟರ್ ನಂಬರ್ ಮೂರನ್ನೂ ಫೋಟೊ ತೆಗೆದುಕೊಳ್ಳಿ. ಒಂದೇ ಥರದ ನೂರು ಕೌಂಟರ್ ನಡುವೆ ಮಾರನೇ ದಿನ ಅದೇ ಕೌಂಟರ್ ಹುಡುಕೋದು ಕಷ್ಟ. ಕೌಂಟರ್ ಬಿಟ್ಟು ಹೊರಬಂದ ಮಾಲನ್ನು ಬೇರೆಯವರು ಬದಲಿಸಿ ಕೊಡಲ್ಲ.